ಮನೆಯಲ್ಲಿ ಉಳಿದ ಹೆಸರು

ನೈರೋಬಿ
೯ ಜೂನ್ ೨೦೨೪

ಕಸ್ತೂರಿ,

ಐದು ವರ್ಷದ ಮೇಲೆ ನನ್ನ ಅಕ್ಷರ ನೋಡಿ ನೀನು ಮೊದಲು ಬೈಯುತ್ತೀಯ, ಆಮೇಲೆ ಓದುತ್ತೀಯ. ಬೈದು ಮುಗಿಸು, ನಾನು ಕಾಯುತ್ತೇನೆ.

ನಾನು ಸರ್ಕಾರಿ ಆಸ್ಪತ್ರೆಯ ನರ್ಸ್ ಕೆಲಸ ಬಿಟ್ಟು ಮಿಷನ್ನಿನವರ ಜೊತೆ ಆಫ್ರಿಕಾಕ್ಕೆ ಹೊರಟ ದಿನ, ಶಹಾಪುರ ಬಸ್ ಸ್ಟ್ಯಾಂಡಿನಲ್ಲಿ ನೀನು ಟಿಕೆಟ್ ಮಷೀನು ಕೊರಳಿಗೆ ಹಾಕಿಕೊಂಡೇ ಅಂದಿದ್ದೆ: "ನಮ್ಮೂರಾಗ ಜಡ್ಡಿನವರು ಇಲ್ಲೇನು? ದೇವರ ಹೆಸರು ಹೇಳಿ ಓಡಿ ಹೊಂಟೀದಿ." ನನಗೆ ಸಿಟ್ಟು ಬಂದು ತಿರುಗಿ ನೋಡದೆ ಹೋದೆ. ಆ ಮಾತಿಗೆ ಉತ್ತರ ಕೊಡಲು ಇವತ್ತು ಬರೆಯುತ್ತಿಲ್ಲ. ಒಂದು ಕೆಲಸವಿದೆ, ಅದು ನಿನ್ನಿಂದ ಮಾತ್ರ ಆಗುವಂಥದ್ದು.

ನಾನಿರುವ ಮನೆಯಲ್ಲಿ ಹದಿನಾಲ್ಕು ಹೆಣ್ಣುಮಕ್ಕಳಿದ್ದಾರೆ. ಕೆಲಸ ಕೊಡಿಸುತ್ತೇವೆಂದು ಕರೆತಂದು ಮೈ ಮಾರುವ ದಂಧೆಗೆ ನೂಕಿದವರ ಕೈಯಿಂದ ಪೊಲೀಸರು ಬಿಡಿಸಿದವರು. ಅವರ ಗಾಯಕ್ಕೆ ಔಷಧ ಹಚ್ಚುವುದು, ಕೋರ್ಟಿಗೆ ಜೊತೆಯಲ್ಲಿ ಹೋಗುವುದು, ನಿದ್ದೆ ಬರದಿದ್ದರೆ ಪಕ್ಕದಲ್ಲಿ ಕೂರುವುದು ನನ್ನ ಕೆಲಸ. ಕಳೆದ ವರ್ಷ ಬಂದ ಒಬ್ಬಳು ಎರಡು ತಿಂಗಳು ಬಾಯಿಯೇ ಬಿಡಲಿಲ್ಲ. ಇಂಡಿಯಾದವಳು ಎಂದಷ್ಟೇ ಕಾಗದದಲ್ಲಿತ್ತು. ಹಿಂದಿಯಲ್ಲಿ ಕೇಳಿದೆ, ತೆಲುಗಿನಲ್ಲಿ ಕೇಳಿದೆ, ಗೋಡೆ ನೋಡುತ್ತ ಕೂತಿದ್ದಳು. ಒಂದು ದಿನ ಇಲ್ಲಿನ ಸಂತೆಯಲ್ಲಿ ಜೋಳದ ಹಿಟ್ಟು ಸಿಕ್ಕಿತೆಂದು ರೊಟ್ಟಿ ಬಡಿಯಲು ಕೂತೆ. ನನ್ನ ರೊಟ್ಟಿಯ ಕಥೆ ನಿನಗೆ ಗೊತ್ತೇ ಇದೆ. ಮೂರೂ ಹರಿದವು. ಆಗ ಹಿಂದಿನಿಂದ ಮಾತು ಬಂತು: "ತಣ್ಣೀರಾಗ ಕಲಸಿದ್ರ ಹರೀತದ್ರಿ ಅಕ್ಕೋರೆ. ಎಸರು ಕಾಸಿ ಹಾಕ್ರಿ."

ನಮ್ಮ ಕಡೆಯ ಮಾತು ಕೇಳಿ ನಾನು ಹಿಟ್ಟಿನ ಕೈಯಲ್ಲೇ ಅತ್ತುಬಿಟ್ಟೆ. ಅವಳು ಮಾತ್ರ ನನ್ನನ್ನು ಪಕ್ಕಕ್ಕೆ ಸರಿಸಿ ಹದಿನಾರು ರೊಟ್ಟಿ ಬಡಿದಳು.

ಹೆಸರು ಭಾಗ್ಯ. ಊರು ಕಕ್ಕೇರಾ. ತಂದೆ ಅಂಬ್ರಪ್ಪ ಕಾಲುವೆಗೆ ನೀರು ಬಿಡುವ ಕೆಲಸದವರು, ತಾಯಿ ಮೋನಮ್ಮ ಕೂಲಿಗೆ ಹೋಗುತ್ತಾರೆ, ಮರಿಲಿಂಗ ಎಂಬ ಅಣ್ಣನಿದ್ದಾನೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮನೆಯಲ್ಲಿ ಹೇಳದೆ, ಹೈದರಾಬಾದಿನ ಏಜೆಂಟನೊಬ್ಬನ ಮಾತು ನಂಬಿ ಹೋಟೆಲ್ ಕೆಲಸಕ್ಕೆಂದು ವಿಮಾನ ಹತ್ತಿದಳು. ಇಳಿದ ದಿನವೇ ಪಾಸ್‌ಪೋರ್ಟ್ ಕಸಿದುಕೊಂಡು ಬಾರಿನಲ್ಲಿ ಕುಣಿಯಲು ನಿಲ್ಲಿಸಿದರು. ಮುಂದಿನದನ್ನು ನಾನು ಬರೆಯುವುದಿಲ್ಲ, ಅದನ್ನು ಹೇಳುವುದು ಬಿಡುವುದು ಅವಳಿಗೆ ಸೇರಿದ್ದು. ಊರು ಬಿಟ್ಟು ಆರು ವರ್ಷವಾಯಿತು.

ಕೋರ್ಟಿನಲ್ಲಿ ಧೈರ್ಯವಾಗಿ ಸಾಕ್ಷಿ ಹೇಳಿ ಮುಗಿಸಿದ್ದಾಳೆ. ವರ್ಷದ ಕೊನೆಗೆ ಕಾಗದಪತ್ರ ಸಿದ್ಧವಾಗುತ್ತದೆ. ಎಲ್ಲಿಗೆ ಹೋಗುವುದು ಎಂಬುದೇ ಈಗಿನ ಮಾತು. ಹೈದರಾಬಾದಿನಲ್ಲಿ ನಮ್ಮದೊಂದು ಆಸರೆ ಮನೆಯಿದೆ, ಅಲ್ಲಿರಬಹುದು. ಕಕ್ಕೇರಾಕ್ಕೆ ಹೋಗುತ್ತೀಯಾ ಎಂದರೆ ಅವಳದು ಒಂದೇ ಪ್ರಶ್ನೆ: "ಮನ್ಯಾಗ ನನ್ನ ಹೆಸರು ಯಾರರ ತಗೀತಾರೇನ್ರಿ? ತಗೀತಿದ್ರ ಹೋಗ್ತೀನಿ."

ನೀನು ಆ ದಾರಿಯ ಬಸ್ಸಿನ ಕಂಡಕ್ಟರ್. ತಿಳಿದು ಹೇಳು. ವಾಟ್ಸಾಪಿನಲ್ಲಿ ಒಂದಕ್ಷರವೂ ಬೇಡ, ಸಂಜೆಯೊಳಗೆ ಊರೆಲ್ಲ ಓದುತ್ತದೆ. ಕಾಗದವನ್ನೇ ಬರೆ.

ನಿನ್ನ ಬೈಗುಳಕ್ಕೂ ಕಾದಿರುವ,
ಪರಿಮಳಾ

*

ಸುರಪುರ
೪ ಜುಲೈ ೨೦೨೪

ಪರಿಮಳಾ,

ಬೈದು ಮುಗಿಸಿದೆ. ಎರಡು ದಿನ ಹಿಡಿಯಿತು.

ಮೊದಲೇ ಹೇಳಿಬಿಡುತ್ತೇನೆ. ಆ ಹುಡುಗಿಯ ಕೊರಳಿಗೆ ಶಿಲುಬೆ ಹಾಕಿ ಊರಿಗೆ ಕಳಿಸುವ ವಿಚಾರವಿದ್ದರೆ ನನ್ನನ್ನು ನಡುವೆ ಎಳೆಯಬೇಡ. ನಿಮ್ಮ ಮಿಷನ್ನಿನ ಮೇಲೆ ನನಗೆ ಇನ್ನೂ ಅನುಮಾನವಿದೆ, ಮುಚ್ಚುಮರೆ ಏಕೆ. ಆದರೆ ರೊಟ್ಟಿಯ ಮಾತನ್ನು ಮತ್ತೆ ಮತ್ತೆ ಓದಿದೆ, ಅದನ್ನೂ ಮುಚ್ಚಿಡುವುದಿಲ್ಲ.

ಮೋನಮ್ಮ ನನ್ನ ಬಸ್ಸಿನವಳೇ. ಬೆಳಗಿನ ಟ್ರಿಪ್ಪಿಗೆ ಬುತ್ತಿಗಂಟು ಹಿಡಿದು ಹತ್ತಿ, ಎರಡು ಸ್ಟಾಪು ದಾಟಿ ಕಳೆ ತೆಗೆಯಲು ಇಳಿಯುತ್ತಾಳೆ. ಈಗ ಇಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೆ ಆಧಾರ್ ಕಾರ್ಡ್ ತೋರಿಸಿದರೆ ಮಾತ್ರ ಸೊನ್ನೆ ಟಿಕೆಟ್. ಕಾರ್ಡಿಲ್ಲದೆ ಹತ್ತಿದರೆ ನಾನು ಯಾರನ್ನೂ ಬಿಡುವುದಿಲ್ಲ, ನಮ್ಮ ಅವ್ವನನ್ನೇ ಬಿಟ್ಟಿಲ್ಲ. ಹಾಗಾಗಿ ಮೋನಮ್ಮನ ಪೂರ್ತಿ ಹೆಸರು, ಹುಟ್ಟಿದ ವರ್ಷ ಎಲ್ಲ ನನಗೆ ಬಾಯಿಪಾಠ. ಅಂಥ ಮಗಳೊಬ್ಬಳಿದ್ದಳು ಎಂಬುದೊಂದು ಗೊತ್ತಿರಲಿಲ್ಲ. ಆ ಹೆಂಗಸು ಎಂದೂ ಹೇಳಿದವಳಲ್ಲ.

ಮೊನ್ನೆ ಸೋಮವಾರ ಕಕ್ಕೇರಾದಲ್ಲಿ ಬಸ್ಸು ನಿಂತಿತ್ತು. ನಾಲ್ಕು ವರ್ಷದ ಒಂದು ಹೆಣ್ಣುಕೂಸು ಬಸ್ಸಿನ ಮುಂದೆ ಓಡಿತು. ಮೋನಮ್ಮ ಹಿಂದಿನಿಂದ ಕೂಗಿದಳು, "ಭಾಗ್ಯಾ, ಏ ಭಾಗ್ಯಾ, ಇಲ್ಲಿ ಬಾ." ಆ ಕೂಸು ಯಾರದೆಂದು ಪಕ್ಕದ ಸೀಟಿನಲ್ಲಿದ್ದ ಅದೇ ಓಣಿಯ ಹಂಪಮ್ಮನನ್ನು ಕೇಳಿದೆ. ಮರಿಲಿಂಗನ ಮಗಳಂತೆ, ಅಜ್ಜಿಯೇ ಹೆಸರಿಟ್ಟಳಂತೆ.

ನೀನು ನಮ್ಮ ಕಡೆಯವಳು, ನಿನಗೆ ಬಿಡಿಸಿ ಹೇಳಬೇಕಿಲ್ಲ. ತೀರಿಹೋದವರ ಹೆಸರನ್ನೇ ಮನೆಯ ಕೂಸಿಗೆ ಇಡುವುದು. ಬದುಕಿದ್ದವರ ಹೆಸರಿಟ್ಟರೆ ಅವರ ಆಯುಷ್ಯಕ್ಕೆ ಕೇಡು ಎಂದು ಯಾರೂ ಇಡುವುದಿಲ್ಲ. ಅವರ ಲೆಕ್ಕದಲ್ಲಿ ಈ ಹುಡುಗಿ ಸತ್ತು ನಾಲ್ಕು ವರ್ಷವಾಯಿತು, ಪರಿ. ಹೈದರಾಬಾದೇ ವಾಸಿ.

ಕಸ್ತೂರಿ

*

ನೈರೋಬಿ
೩೦ ಜುಲೈ ೨೦೨೪

ಕಸ್ತೂರಿ,

ನಿನ್ನ ಕಾಗದ ಬಂದಾಗ ಭಾಗ್ಯ ಎದುರಿಗೇ ಇದ್ದಳು. ಸುಳ್ಳು ಹೇಳಲು ನನಗೆ ಬರಲಿಲ್ಲ, ಓದಿ ಹೇಳಿದೆ. ಓದಬಾರದಿತ್ತು.

ಅವಳು ಅಳಲಿಲ್ಲ. "ಸತ್ತಾಕಿ ಹೋಗಿ ಬಾಗಲದಾಗ ನಿಂತ್ರ ಕೂಸು ಅಂಜ್ತದ್ರಿ" ಎಂದಳು. ಅಂದಿನಿಂದ ಒಲೆಯ ಹತ್ತಿರ ಬಂದಿಲ್ಲ. ಹೈದರಾಬಾದಿನ ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದಾಳೆ. ಹತ್ತನೇ ತರಗತಿ ಓದಿದವಳು, ಸಹಿ ಮಾಡಲು ಬರುತ್ತದೆ. ಹೆಸರು ಬರೆಯುವುದಿಲ್ಲ ಎಂದು ಹಟ ಹಿಡಿದಳು.

ಶಿಲುಬೆಯ ಮಾತು ಕೇಳಿದೆಯಲ್ಲ. ನಾನು ಕ್ರಿಸ್ತನ ಸೇವೆ ಎಂದೇ ಇಲ್ಲಿಗೆ ಬಂದವಳು, ಅದನ್ನು ಯಾರ ಮುಂದೆಯೂ ಬಚ್ಚಿಡುವುದಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಗಂಟೆ ಹೊಡೆಯುತ್ತದೆ. ಬರುವವರು ಬರುತ್ತಾರೆ, ಮಲಗುವವರು ಮಲಗುತ್ತಾರೆ, ತಿಂಡಿ ಇಬ್ಬರಿಗೂ ಒಂದೇ. ಭಾಗ್ಯ ಒಂದು ದಿನವೂ ಬಂದಿಲ್ಲ. ಆದರೆ ಕೋರ್ಟಿಗೆ ಹೋಗುವ ಮುಂಜಾನೆ ನನ್ನ ಕೈ ಹಿಡಿದು, "ನಿಮ್ಮ ದೇವರಿಗೆ ನೀವೇ ಹೇಳ್ರಿ, ನನಗ ಬರಂಗಿಲ್ಲ" ಎಂದಿದ್ದಳು. ಹೇಳಿದೆ. ಈಗಲೂ ಹೇಳುತ್ತಿದ್ದೇನೆ. ನೀನು ಶರಣಬಸವನಿಗೋ ಮತ್ತೊಬ್ಬರಿಗೋ ಹೇಳು, ನನಗೇನೂ ಬೇಜಾರಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ. ಆದರೂ ಒಂದು ಕೇಳುತ್ತೇನೆ, ಮೋನಮ್ಮನ ಜೊತೆ ನೀನು ಮಾತಾಡಿದೆಯಾ?

ಪರಿಮಳಾ

*

ಸುರಪುರ
೨೬ ಆಗಸ್ಟ್ ೨೦೨೪

ಪರಿ,

ಮಾತಾಡಿರಲಿಲ್ಲ. ಮುಖ ನೋಡಿ ಇಳಿಯುವ ಊರು ಹೇಳುವ ಚಟ ನನ್ನದು, ಹದಿನಾರು ವರ್ಷದ ನೌಕರಿಯ ಸೊಕ್ಕು. ಹೆಬ್ಬೆಟ್ಟಿನ ಮಾತು ಓದಿದ ದಿನ ನಾಲ್ಕು ಜನಕ್ಕೆ ತಪ್ಪು ಟಿಕೆಟ್ ಹರಿದೆ. ಡ್ರೈವರ್ ಶಿವರಾಜ, "ಅಕ್ಕಾ, ಜ್ವರ ಬಂದಾವೇನು" ಎಂದು ಕೇಳಿದ.

ಮರುದಿನ ಮೋನಮ್ಮ ಇಳಿಯುವ ಸ್ಟಾಪಿನಲ್ಲಿ ನಾನೂ ಇಳಿದೆ. ಬಸ್ಸನ್ನು ಎರಡು ನಿಮಿಷ ನಿಲ್ಲಿಸು ಎಂದು ಶಿವರಾಜನಿಗೆ ಹೇಳಿ ಅವಳನ್ನು ಬೇವಿನ ಮರದ ಹತ್ತಿರ ಕರೆದೆ. ಏನು ಹೇಳಬೇಕೆಂದು ರಾತ್ರಿಯಿಡೀ ಜೋಡಿಸಿಕೊಂಡಿದ್ದೆಲ್ಲ ಮರೆತುಹೋಯಿತು. "ಮೊಮ್ಮಗಳಿಗೆ ಭಾಗ್ಯ ಅಂತ ಯಾಕ ಇಟ್ಟೀರಿ?" ಎಂದು ಕೇಳಿಬಿಟ್ಟೆ.

ಅವಳು ಸುತ್ತ ನೋಡಿದಳು. ಆಮೇಲೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

"ನನ್ನ ಮಗಳೊಬ್ಬಾಕಿ ಇದ್ದಾಳ್ರಿ. ಮನಿ ಬಿಟ್ಟು ಹೋದ್ಲು. ಆಕಿ ಹೆಸರು ಈ ಮನ್ಯಾಗ ಯಾರೂ ತಗೀಬ್ಯಾಡ್ರಿ ಅಂತ ನಮ್ಮ ಯಜಮಾನ್ರು ಆಣಿ ಹಾಕಿದ್ರು. ಎರಡು ವರ್ಷ ಬಾಯಿ ಕಟ್ಟಿದೆ. ಬಾಯಾಗ ಹುಣ್ಣು ಆದಂಗ ಆಗತಿತ್ರಿ. ಆಮ್ಯಾಲ ಈ ಕೂಸು ಹುಟ್ಟಿತು. ತೊಟ್ಲಾಗ ಹಾಕೂ ದಿನ ಕಿವ್ಯಾಗ ಹೆಸರು ಹೇಳಬೇಕಾದಾಕಿ ಸೋದರತ್ತಿ, ಆಕಿನೇ ಇಲ್ಲ. ನಾನೇ ಬಗ್ಗಿ ಆಕಿ ಹೆಸರು ಹೇಳಿಬಿಟ್ಟೆ. ಈಗ ದಿನಕ್ಕ ನೂರು ಸಲ ಕರೀತೀನಿ. ಓಣಿ ತುಂಬ ಕೇಳೂವಂಗ ಕರೀತೀನಿ. ಯಾರು ಬ್ಯಾಡಂತಾರ?"

ಜನ ಏನೆಂದರು ಎಂದು ಕೇಳಿದೆ. ಮಗಳು ಸತ್ತಳು ಎಂದುಕೊಂಡರಂತೆ, ಅನ್ನಲಿ ಎಂದು ಸುಮ್ಮನಿದ್ದಳಂತೆ. ಆಯುಷ್ಯದ ಭಯ ಇರಲಿಲ್ಲವೇ ಎಂದೆ. ದಿನಾ ಕರೆದರೆ ಆಯುಷ್ಯ ಕೂಡುತ್ತದೆ, ಕಳೆಯುವುದಿಲ್ಲ ಎಂದು ತಾನೇ ತೀರ್ಮಾನ ಮಾಡಿಕೊಂಡಿದ್ದಾಳೆ. ಅಂಬ್ರಪ್ಪ ಮಾತ್ರ ಈ ನಾಲ್ಕು ವರ್ಷದಲ್ಲಿ ಮೊಮ್ಮಗಳನ್ನು ಹೆಸರು ಹಿಡಿದು ಕರೆದಿಲ್ಲವಂತೆ. ಅದು ಮುತ್ಯಾ, ಮುತ್ಯಾ ಎಂದು ಅಜ್ಜನ ಬೆನ್ನು ಹತ್ತಿದರೂ ಕೂಸು, ಕೂಸು ಅನ್ನುತ್ತಾನೆ, ಅಷ್ಟೇ.

ಆಗ ಹೇಳಿದೆ, ನಿನ್ನ ಮಗಳು ಬದುಕಿದ್ದಾಳೆ, ನನ್ನ ಗೆಳತಿಯ ಹತ್ತಿರ ಇದ್ದಾಳೆ ಎಂದು. ಎಲ್ಲಿ, ಹೇಗೆ ಎಂದು ಏನೂ ಕೇಳಲಿಲ್ಲ. ಬುತ್ತಿಗಂಟು ಎದೆಗೆ ಒತ್ತಿಕೊಂಡು, "ಹೊಟ್ಟಿಗಿ ಉಣ್ಣಾಕತ್ತಾಳೇನ್ರಿ?" ಎಂದಳು. ಉಣ್ಣುತ್ತಾಳೆ, ಹತ್ತು ಜನಕ್ಕೆ ರೊಟ್ಟಿ ಬಡಿಯುತ್ತಾಳೆ ಎಂದೆ. ಈಗ ಅದನ್ನು ನಿಜ ಮಾಡುವುದು ನಿನ್ನ ಕೆಲಸ.

ನಾನು ತಪ್ಪು ಬರೆದೆ, ಪರಿ. ಅವಳಿಗೆ ಹೇಳು, ಕಂಡಕ್ಟರ್ ಕಸ್ತೂರಿ ಮೂರ್ಖಳು ಎಂದು ಹೇಳು. ಆ ಮನೆಯಲ್ಲಿ ಅವಳ ಹೆಸರು ದಿನಕ್ಕೆ ನೂರು ಸಲ ಕೇಳುತ್ತದೆ.

ಕಸ್ತೂರಿ

*

ನೈರೋಬಿ
೨೨ ಸೆಪ್ಟೆಂಬರ್ ೨೦೨೪

ಕಸ್ತೂರಿ,

ಮೂರು ಸಲ ಓದಿಸಿಕೊಂಡಳು. ಮೂರನೆಯ ಸಲ ನನ್ನ ಕೈಯಿಂದ ಕಾಗದ ಕಿತ್ತುಕೊಂಡು ತಾನೇ ಓದಿದಳು. ಆಮೇಲೆ ಬಾಗಿಲು ಹಾಕಿಕೊಂಡು ಅತ್ತಳು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಅತ್ತೆ. ಮೊಂಬಾಸಾದಿಂದ ಬಂದ ಆಮೀನಾ ಎಂಬ ಹುಡುಗಿಗೆ ಕನ್ನಡದ ಗಂಧವೂ ಇಲ್ಲ, ಆದರೂ ನಮ್ಮಿಬ್ಬರಿಗೆ ಚಹಾ ಮಾಡಿ ತಂದಳು.

ಮರುದಿನ ಒಲೆಯ ಮುಂದೆ ಬಂದು ಕೂತಳು. ಕೂಸಿನ ಕೂದಲು ಗುಂಗುರೋ ನೆಟ್ಟಗೋ ಎಂದು ಕೇಳುತ್ತಿದ್ದಾಳೆ, ನೋಡಿ ಬರೆ.

ಆದರೆ ತಂದೆಯ ಮಾತು ಬೇಕು. ನಮ್ಮ ಮನೆಯ ನಿಯಮ ಅದು, ಕಠಿಣವಾದರೂ ಸರಿಯಾದದ್ದು. ತಾಯಿ ಕರೆದು ತಂದೆ ಹೊರಗೆ ಹಾಕಿದ ಮನೆಗಳಿಂದ ಹುಡುಗಿಯರು ಎರಡನೆಯ ಸಲ ಅದೇ ಏಜೆಂಟರ ಕೈಗೆ ಸಿಕ್ಕಿದ್ದನ್ನು ನಾನು ನೋಡಿದ್ದೇನೆ. ಭಾಗ್ಯನೂ ಅದನ್ನೇ ಅಂದಳು, ಅಪ್ಪ ಬೇಡವೆಂದರೆ ಅವ್ವನ ಬಾಯಿ ಮತ್ತೆ ಕಟ್ಟುತ್ತದೆ, ಅದಕ್ಕಿಂತ ನಾನು ದೂರವೇ ಇರುತ್ತೇನೆ ಎಂದು. ಹೈದರಾಬಾದಿನ ಅರ್ಜಿಯನ್ನು ಇನ್ನೂ ಹರಿದಿಲ್ಲ. ಡಿಸೆಂಬರಿನೊಳಗೆ ಒಂದು ಕಡೆ ತೀರ್ಮಾನವಾಗಬೇಕು.

ನಿನ್ನನ್ನು ಮೂರ್ಖಳು ಎಂದು ಹೇಳಿದೆ. ಬಹಳ ಸಂತೋಷದಿಂದ ಹೇಳಿದೆ.

ಪರಿಮಳಾ

*

ಸುರಪುರ
೨೫ ಅಕ್ಟೋಬರ್ ೨೦೨೪

ಪರಿ,

ಕೂಸಿನ ಕೂದಲು ಗುಂಗುರು. ಎಣ್ಣೆ ಹಚ್ಚಿ ಎಳೆದು ಹೆಣೆದರೂ ಮಧ್ಯಾಹ್ನದ ಟ್ರಿಪ್ಪಿಗೆ ಬಿಚ್ಚಿ ಹಾರುತ್ತಿರುತ್ತದೆ.

ಗಂಡನಿಗೆ ಹೇಳು ಎಂದು ಮೋನಮ್ಮನಿಗೆ ಎಷ್ಟು ಹೇಳಿದರೂ ಕೇಳಲಿಲ್ಲ. "ಕೇಳಿದ್ರ ಬ್ಯಾಡಂತಾರ. ಒಮ್ಮಿ ಅಂದ ಮಾತು ಅವರು ತಿರುಗಿ ತಗೊಳ್ಳೂ ಮನುಷ್ಯಾ ಅಲ್ರಿ" ಎಂದಳು. ಅದಕ್ಕೆ ಕೇಳುವುದೇ ಇಲ್ಲ. ಆದರೆ ಕೂಲಿ ಇಲ್ಲದ ದಿನವೂ ಬಸ್ಸಿಗೆ ಬಂದು, ಕಾಗದ ಬಂತೇ ಎಂದು ಕಣ್ಣಲ್ಲೇ ಕೇಳಿ ಹೋಗುತ್ತಿದ್ದಳು. ಮನೆಯಲ್ಲಿದ್ದವನಿಗೆ ಅದು ಕಾಣದೆ ಇರುತ್ತದೆಯೇ?

ಹೋದ ಗುರುವಾರ ಅಂಬ್ರಪ್ಪನೇ ಬಸ್ ಹತ್ತಿದ. ಎತ್ತರದ ಆಳು, ಹೆಗಲ ಮೇಲೆ ಟವೆಲು, ಕಾಲಲ್ಲಿ ಕಾಲುವೆಯ ಕೆಸರು. ಸುರಪುರಕ್ಕೆ ಟಿಕೆಟ್ ತೆಗೆದುಕೊಂಡು ಬಾಗಿಲ ಹತ್ತಿರ ನಿಂತ, ಸೀಟಿದ್ದರೂ ಕೂರಲಿಲ್ಲ. ಅರ್ಧ ದಾರಿಗೆ, "ನಿಮ್ಮ ಗೆಳತಿ ಕಿರಿಸ್ತಾನರಂತಲ್ರಿ" ಎಂದ. ಗಂಡನಿಗೆ ಹೇಳಿದವಳು ಮೋನಮ್ಮನಲ್ಲ, ಹಂಪಮ್ಮನಿರಬೇಕು; ನೀನು ಮಿಷನ್ನಿಗೆ ಹೋದದ್ದು ಅವಳಿಗೆ ಗೊತ್ತು. ಬೇವಿನ ಮರಕ್ಕೂ ಕಿವಿ ಇರುತ್ತದೆ ಎಂದು ಅವತ್ತು ಹೊಳೆದಿರಲಿಲ್ಲ.

ಹೌದು ಎಂದೆ. ಆಕೆಯನ್ನು ತಮ್ಮ ಜಾತಿಗೆ ಸೇರಿಸಿಕೊಂಡಿದ್ದಾರೇನು ಎಂದು ಕೇಳಿದ. ನಾನು ನಿನ್ನ ಕಾಗದದಲ್ಲಿ ಇದ್ದದ್ದನ್ನೇ ಹೇಳಿದೆ, ಬರುವವರು ಬರುತ್ತಾರೆ, ಮಲಗುವವರು ಮಲಗುತ್ತಾರೆ, ತಿಂಡಿ ಎಲ್ಲರಿಗೂ ಒಂದೇ ಎಂದು. ನಾನು ನಿನ್ನ ವಕೀಲಳಾಗುವ ದಿನ ಬರುತ್ತದೆ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಮಗಳಿಗೆ ಆದದ್ದರಲ್ಲಿ ಅವಳ ತಪ್ಪೇನೂ ಇಲ್ಲ, ಮೋಸ ಮಾಡಿದವನ ಎದುರು ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಿದ್ದಾಳೆ ಎಂದೂ ಹೇಳಿದೆ. ಅವನು ಕಿಟಕಿಯ ಹೊರಗೆ ನೋಡುತ್ತ ನಿಂತ.

ಸುರಪುರದಲ್ಲಿ ಎಲ್ಲರೂ ಇಳಿದ ಮೇಲೆ ಇಳಿದ. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದ. ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಒಂದು ಕಾರ್ಡು ತೆಗೆದು ನನ್ನ ಕೈಗೆ ಕೊಟ್ಟ. ಭಾಗ್ಯಳ ಆಧಾರ್. ಎರಡು ಜಡೆ ಹಾಕಿದ ಹುಡುಗಿಯ ಫೋಟೊ.

"ಇದು ಇಲ್ದ ಹೆಣ್ಮಕ್ಕಳನ್ನ ನೀವು ಬಸ್ಸಿನಾಗ ಬಿಡಂಗಿಲ್ಲಂತ ನಮ್ಮ ಮನ್ಯಾಕಿ ಹೇಳತಿರ್ತಾಳ. ಬರೂವಾಗ ಬೇಕಾಗ್ತದ."

ಅಷ್ಟೇ ಹೇಳಿದ್ದು. ಯಾರು ಬರುವಾಗ ಎಂದೂ ಹೇಳಲಿಲ್ಲ. ಆರು ವರ್ಷ ಆ ಕಾರ್ಡನ್ನು ಎಲ್ಲಿಟ್ಟಿದ್ದನೋ, ಹೆಂಡತಿಗೂ ಗೊತ್ತಿರಲಿಲ್ಲ. ಮೋನಮ್ಮನಿಗೆ ತೋರಿಸಿದಾಗ ಅವಳು ಸ್ಟ್ಯಾಂಡಿನ ನೆಲದ ಮೇಲೇ ಕೂತುಬಿಟ್ಟಳು. ಕಳೆದುಹೋಯಿತೆಂದು ಹುಡುಕದ ಜಾಗವಿರಲಿಲ್ಲವಂತೆ.

ನಿಮ್ಮ ನಿಯಮದ ಪ್ರಕಾರ ಇದು ಒಪ್ಪಿಗೆಯೋ ಅಲ್ಲವೋ ನನಗೆ ಗೊತ್ತಿಲ್ಲ. ನನ್ನ ನಿಯಮದ ಪ್ರಕಾರ ಪೂರ್ತಿ ಒಪ್ಪಿಗೆ.

ಕಸ್ತೂರಿ

*

ನೈರೋಬಿ
೮ ಡಿಸೆಂಬರ್ ೨೦೨೪

ಕಸ್ತೂರಿ,

ಹೈದರಾಬಾದಿನ ಅರ್ಜಿಯನ್ನು ಹರಿದು ಒಲೆಗೆ ಹಾಕಿದಳು. ಊರಿಗೆ ಹೋಗುವ ಕಾಗದಕ್ಕೆ ಸಹಿ ಮಾಡಿದಳು, ಪೂರ್ತಿ ಹೆಸರು, ತಂದೆಯ ಹೆಸರೂ ಸೇರಿಸಿ.

ಜನವರಿ ಹದಿನೆಂಟಕ್ಕೆ ಹೊರಡುತ್ತಾಳೆ. ಹೈದರಾಬಾದಿನ ನಮ್ಮ ಕಾರ್ಯಕರ್ತೆ ನಾಗಲಕ್ಷ್ಮಿ ಯಾದಗಿರಿ ಸ್ಟೇಷನ್ನಿನ ತನಕ ರೈಲಿನಲ್ಲಿ ಜೊತೆ ಬರುತ್ತಾಳೆ, ಆಮೇಲೆ ತಿಂಗಳಿಗೊಮ್ಮೆ ಮನೆಗೆ ಬಂದು ನೋಡಿ ಹೋಗುತ್ತಾಳೆ. ಮುಂದಿನ ಬಸ್ಸು ನಿನ್ನದು. ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಅವಳು ಈಗಲೂ ಕೆಲವು ದಿನ ಗಂಡಸರ ದನಿ ಎತ್ತರವಾದರೆ ನಡುಗುತ್ತಾಳೆ. ಓಣಿಯ ಜನ ನೂರು ಮಾತಾಡುತ್ತಾರೆ. ಆದರೂ ಹೋಗುತ್ತಿದ್ದಾಳೆ.

ನಾನು ಬರುತ್ತಿಲ್ಲ. ಹೋದ ವಾರ ಮೂವರು ಹೊಸಬರು ಬಂದರು, ಒಬ್ಬಳಿಗೆ ಹದಿನೇಳು. ಆ ದಿನ ನೀನು ಕೇಳಿದ್ದಕ್ಕೆ ಉತ್ತರ ಇಲ್ಲಿದೆ, ಕಸ್ತೂರಿ. ನಮ್ಮೂರಲ್ಲಿ ಜಡ್ಡಿನವರಿದ್ದಾರೆ, ನಿಜ. ನಮ್ಮೂರಿನ ಮಗಳೊಬ್ಬಳು ಇಲ್ಲಿದ್ದಳು, ಅದೂ ನಿಜ. ಇವತ್ತು ಬೆಳಿಗ್ಗೆ ಪ್ರಾರ್ಥನೆಯಲ್ಲಿ ನಿನ್ನ ಹೆಸರು ಹೇಳಿದೆ. ಬೇಕಾದರೆ ಬೈಯಿ.

ಪರಿಮಳಾ

*

ಸುರಪುರ
೨೩ ಜನವರಿ ೨೦೨೫

ಪರಿ,

ಬೈಯುವುದಿಲ್ಲ. ನಾಳೆಯೂ ಹೇಳು, ನನ್ನ ಮೇಲೆ ಡಿಪೋದಿಂದ ನೋಟಿಸ್ ಬಂದಿದೆ. ಕಕ್ಕೇರಾದಲ್ಲಿ ಬಸ್ಸು ಹನ್ನೆರಡು ನಿಮಿಷ ತಡವಾಗಿ ಬಿಟ್ಟದ್ದಕ್ಕೆ ಕಾರಣ ಬರೆದು ಕೊಡಬೇಕಂತೆ. ಅಲ್ಲಿ ಬರೆಯಲಾಗದ್ದನ್ನು ನಿನಗೆ ಬರೆಯುತ್ತೇನೆ.

ಯಾದಗಿರಿಯಲ್ಲಿ ನಾಗಲಕ್ಷ್ಮಿ ಅವಳನ್ನು ನನ್ನ ಕೈಗೆ ಒಪ್ಪಿಸಿದಳು. ನೀನು ಬರೆದದ್ದು ಓದಿ ನಾನು ಒಂದು ಸೊರಗಿದ ಮುಖ ಕಲ್ಪಿಸಿಕೊಂಡಿದ್ದೆ. ಬಂದವಳು ಕಣ್ಣಲ್ಲಿ ಕಣ್ಣಿಟ್ಟು, "ಮೂರ್ಖಳು ಅಂದ್ರ ನೀವೇನ್ರಿ?" ಎಂದಳು. ನನ್ನ ಹಿಂದಿನ ಸೀಟಿನಲ್ಲಿ ಕೂರಿಸಿ, ಕಾರ್ಡನ್ನು ಅವಳ ಕೈಯಲ್ಲಿಟ್ಟೆ. ಆಮೇಲೆ ಎಲ್ಲರನ್ನೂ ಕೇಳುವ ದನಿಯಲ್ಲೇ ಆಧಾರ್ ತೋರಿಸು ಎಂದೆ. ಫೋಟೊವನ್ನು ಬಹಳ ಹೊತ್ತು ನೋಡಿ ತೋರಿಸಿದಳು. ಯಾದಗಿರಿಯಿಂದ ಕಕ್ಕೇರಾ, ಒಂದು ಸೊನ್ನೆ ಟಿಕೆಟ್. ಆ ಚೀಟಿಯನ್ನು ಮಡಿಚಿ ರವಿಕೆಯಲ್ಲಿ ಇಟ್ಟುಕೊಂಡಳು.

ಶಹಾಪುರ ದಾಟುವ ತನಕ ಗದ್ದೆ ನೋಡುತ್ತ ಮಾತಾಡುತ್ತಿದ್ದಳು. ಸುರಪುರ ದಾಟಿದ ಮೇಲೆ ಕಿಟಕಿ ಎಳೆದು ಮುಚ್ಚಿದಳು. ಕಕ್ಕೇರಾ ಹತ್ತಿರ ಬಂದಾಗ, ಇಳಿಯುವುದಿಲ್ಲ, ಇದೇ ಬಸ್ಸಿನಲ್ಲಿ ತಿರುಗಿ ಹೋಗುತ್ತೇನೆ ಎಂದಳು. ಸೊನ್ನೆ ಟಿಕೆಟ್ ಒಂದೇ ಕಡೆಗೆ, ತಿರುಗಿ ಹೋಗಲು ಇನ್ನೊಂದು ತೆಗೆಸಬೇಕು ಎಂದೆ. ನಗಲಿಲ್ಲ.

ಸ್ಟ್ಯಾಂಡಿನಲ್ಲಿ ಮೋನಮ್ಮ ಹೊಸ ಸೀರೆ ಉಟ್ಟು ನಿಂತಿದ್ದಳು. ಮರಿಲಿಂಗ, ಅವನ ಹೆಂಡತಿ ಇದ್ದರು. ಕೂಸು ಚುರುಮುರಿ ಮಾರುವವನ ಗಾಡಿಯ ಹತ್ತಿರ ಆಡುತ್ತಿತ್ತು. ಅಂಬ್ರಪ್ಪ ದೂರದಲ್ಲಿ, ಚಹಾದಂಗಡಿಯ ಕಂಬಕ್ಕೆ ಒರಗಿ, ಬಸ್ಸಿಗೆ ಬೆನ್ನು ಹಾಕಿ ನಿಂತಿದ್ದ. ಉಳಿದವರೆಲ್ಲ ಇಳಿದರು. ಅವಳು ಬಾಗಿಲ ಮೆಟ್ಟಿಲ ತನಕ ಬಂದು, ಆ ಬೆನ್ನು ನೋಡಿ, ಸರಳು ಹಿಡಿದು ನಿಂತುಬಿಟ್ಟಳು. ಒಂದು ಕಾಲು ಹಿಂದಕ್ಕೆ ತೆಗೆದಳು.

ಮೋನಮ್ಮ ಕರೆಯಲಿ ಎಂದು ನಾನು ಕಾದೆ. ದಿನಕ್ಕೆ ನೂರು ಸಲ ಓಣಿ ತುಂಬ ಕರೆಯುವ ಹೆಂಗಸು. ಬಾಯಿ ತೆರೆದಳು, ದನಿ ಬರಲಿಲ್ಲ. ಮತ್ತೆ ತೆರೆದಳು, ಬರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನನ್ನನ್ನು ನೋಡಿದಳು. ನಾನೇನು ಮಾಡಲಿ? ಶಿವರಾಜ ಇಂಜಿನ್ ಆಫ್ ಮಾಡಿದ. ಹನ್ನೆರಡು ನಿಮಿಷದಲ್ಲಿ ಹೆಚ್ಚಿನದು ಹೀಗೇ ಹೋಯಿತು.

ಆಗ ಚಹಾದಂಗಡಿಯ ಕಡೆಯಿಂದ ಒಂದು ಗಂಡು ದನಿ ಬಂತು. ಎತ್ತರದ ದನಿಯಲ್ಲ, ಆ ಹೆಸರನ್ನು ಬಹಳ ದಿನ ಹೇಳದೆ ಮರೆತವರ ಹಾಗೆ ತಡವರಿಸಿ ಬಂತು.

"ಭಾಗ್ಯಾ."

ಕೂಸು ಗಾಡಿಯ ಹತ್ತಿರದಿಂದ, "ಏನೋ ಮುತ್ಯಾ" ಎಂದು ಓಡಿತು. ಮೆಟ್ಟಿಲ ಮೇಲಿದ್ದವಳು, "ಬಂದೆ ಯಪ್ಪಾ" ಎಂದು ಇಳಿದಳು.

ನಿನ್ನ,
ಕಸ್ತೂರಿ